ಸಂತೆ ದಿನದ ಸೂಜಿ

ಆ ಟ್ರ್ಯಾಕ್ಟರ್ ಚಾಲಕನ ಎಡ ಮೊಣಕಾಲನ್ನು ನಾನು ಮೊದಲು ನೋಡಿದಾಗ ಅದು ಹಸಿರಾಗಿತ್ತು. ಯಾವುದೋ ಸೊಪ್ಪನ್ನು ಅರಿಶಿನದ ಜೊತೆ ಅರೆದು ದಪ್ಪಗೆ ಮೆತ್ತಿ, ಮೇಲೆ ಹಳೇ ಸೀರೆಯ ತುಂಡು ಸುತ್ತಿದ್ದರು. ಲೇಪ ಒಣಗಿ ಬಿರುಕು ಬಿಟ್ಟಿತ್ತು, ಬಿರುಕಿನ ಸಂದಿಯಲ್ಲಿ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ಮುಟ್ಟುವುದಿರಲಿ, ಮಂಚದ ಪಕ್ಕ ಯಾರಾದರೂ ದಪದಪ ನಡೆದರೂ ಅವನು ಹಲ್ಲು ಕಚ್ಚುತ್ತಿದ್ದ. ಜ್ವರದಿಂದ ಮೈ ಸುಡುತ್ತಿತ್ತು. ಹೆಂಡತಿ ಕಾಲಬುಡದಲ್ಲಿ ನಿಂತಿದ್ದಳು. ನಮ್ಮ ಎಲುಬಿನ ಡಾಕ್ಟರು ಅವಳನ್ನು ಇಡೀ ವಾರ್ಡಿನ ಎದುರು ಬೈಯುತ್ತಿದ್ದರು.

“ಕಾಲ್ ಕೊಳಸಿ ತಂದು ಈಗ ನನ್ನ ಮುಂದ ಅಳ್ತೀಯಲ್ಲ,” ಎಂದರು. “ಈ ಹೊಲಸ ಹಚ್ಚು ಅಂತ ಯಾರ್ ಹೇಳಿದ್ರು ನಿನಗ?”

ಅವಳು ಸೆರಗಿನ ತುದಿಯಿಂದ ಲೇಪ ಒರೆಸಲು ಬಗ್ಗಿದಳು. ಗಂಡ ಅವಳ ಕೈಯನ್ನು ತಳ್ಳಿದ. ಆಮೇಲೆ ಅವಳು ಗೋಡೆಗೆ ಅಂಟಿಕೊಂಡು ನಿಂತವಳು ನಾನು ಹೊರಡುವವರೆಗೂ ಅಲುಗಲಿಲ್ಲ.

ನಾನು ಹಳಿಯಾಳದ ಆ ಖಾಸಗಿ ಆಸ್ಪತ್ರೆಯಲ್ಲಿ ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವ ಡಾಕ್ಟರು. ಆಸ್ಪತ್ರೆ ಎಲುಬಿನ ಡಾಕ್ಟರದ್ದೇ. ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳಲು ಒಂದು ಸಮಿತಿ ಇರಲೇಬೇಕೆಂಬ ನಿಯಮವಿರುವುದರಿಂದ ಅದಕ್ಕೂ ನನ್ನನ್ನೇ ಮುಖ್ಯಸ್ಥೆ ಮಾಡಿದ್ದರು. ಸಮಿತಿ ಎಂದರೆ ನಾನು ಮತ್ತು ನನ್ನ ಕುರ್ಚಿ. ನನ್ನ ನಾಲಗೆ ಖಾರ ಎಂದು ನರ್ಸುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಗೊತ್ತು. ಖಾರವೇ. ಕೈ ತೊಳೆಯದೆ ಒಬ್ಬರ ಗಾಯದಿಂದ ಇನ್ನೊಬ್ಬರ ಗಾಯಕ್ಕೆ ಹೋಗುವವರಿಗೆ ನಾನೇನು ಬೆಲ್ಲ ಹಂಚಲೇ?

ಚಾಲಕ ತೇರಗಾಂವದವನು, ಐವತ್ತರ ಆಚೀಚೆಯವನು. ಕಬ್ಬು ನುರಿಸುವ ಹಂಗಾಮು ಶುರುವಾದರೆ ಎರಡು ಟ್ರೇಲರ್ ಕಟ್ಟಿಕೊಂಡು ಹೊಲದಿಂದ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಿದ್ದ. ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ತುಂಬಿದ ಗಾಡಿಯನ್ನು ಇಷ್ಟಿಷ್ಟೇ ಮುಂದೆ ತೆಗೆಯುವಾಗ ಎಡಗಾಲು ಹಗಲೆಲ್ಲ ಕ್ಲಚ್ ಒತ್ತಿ ಬಿಡುತ್ತಲೇ ಇರಬೇಕು. ಆ ಕಾಲು ಹೋದರೆ ಟ್ರ್ಯಾಕ್ಟರ್ ಹೋದಂತೆ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜ್ವರದಲ್ಲೂ ನನ್ನನ್ನು ಕಂಡರೆ ಅವನ ಬಾಯಲ್ಲಿ ಒಂದೇ ಮಾತು: “ಕಾಲ್ ಉಳಸ್ರಿ ಬಾಯಾರ. ಉಳದದ್ದು ಏನರ ಆಗ್ಲಿ.”

ಅವನು ಮೊದಲು ಬಂದದ್ದು ಎರಡು ಸಂತೆಯ ಹಿಂದೆ. ನಮ್ಮಲ್ಲಿ ಒಂದು ರೂಢಿ ಇತ್ತು. ಸಂತೆಗೆ ಬಂದ ಹಳ್ಳಿಯ ಜನ ಉಳ್ಳಾಗಡ್ಡಿ, ಮೆಣಸಿನಕಾಯಿ ಕೊಳ್ಳುವ ಹಾಗೆ ಮೊಣಕಾಲಿಗೆ ಒಂದು ಸೂಜಿಯನ್ನೂ ಹಾಕಿಸಿಕೊಂಡು ಹೋಗುತ್ತಿದ್ದರು. ಕಬ್ಬು ಕಡಿಯುವವರು, ಗದ್ದೆಯಲ್ಲಿ ಬಗ್ಗಿ ಬಗ್ಗಿ ಕೀಲು ಸವೆದ ಹೆಂಗಸರು, ಇಂಜೆಕ್ಷನ್ ಕೋಣೆಯ ಮುಂದಿನ ಉದ್ದ ಬಾಕಿನ ಮೇಲೆ ಮೊಣಕಾಲು ಬಿಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಎಲುಬಿನ ಡಾಕ್ಟರು ಒಂದು ಕಡೆಯಿಂದ ಶುರು ಮಾಡಿ ಸ್ಟೆರಾಯ್ಡ್ ಮತ್ತು ಮರಗಟ್ಟಿಸುವ ಔಷಧ ಬೆರೆಸಿ ಚುಚ್ಚುತ್ತ ಹೋಗುತ್ತಿದ್ದರು. ನೋವು ಹೋಗುತ್ತಿತ್ತು, ಹೆಸರೂ ಬರುತ್ತಿತ್ತು. ಈ ರೂಢಿ ಬಿಡಿಸಲು ನಾನು ಮೊದಲಿನಿಂದ ಜಗಳ ಆಡುತ್ತಿದ್ದೆ. ಬಾಕು ಖಾಲಿ ಇರುವುದನ್ನು ನೋಡಲಾರದ ಮನುಷ್ಯನ ಹತ್ತಿರ ಜಗಳ ಆಡಿ ಏನು ಬಂತು?

ಅವತ್ತು ಚಾಲಕನ ಮೊಣಕಾಲು ಊದಿತ್ತು, ಆದರೆ ಜ್ವರ ಇರಲಿಲ್ಲ. ಹಿಂದೆ ಕೆಲವು ಸಲ ಹೆಬ್ಬೆರಳಿನ ಬುಡ ಹೀಗೇ ಏಕಾಏಕಿ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವಾಗಿ, ತಾನೇ ಇಳಿದಿತ್ತಂತೆ. ಪ್ರತಿ ಸಲವೂ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗಿ ಗಾಡಿ ಹತ್ತಿದ್ದ. ಇಷ್ಟು ಕೇಳಿದರೆ ಸಾಕು, ಓದಿದ ಯಾರಿಗಾದರೂ ಗೌಟ್ ಎಂದು ಹೊಳೆಯಬೇಕು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಕೀಲುಗಳಲ್ಲಿ ಹರಳುಗಟ್ಟಿ ಕೂತು ಕಾಡುವ ರೋಗ ಅದು. ನಮ್ಮವರಿಗೂ ಹೊಳೆಯಿತು, ರಕ್ತ ಪರೀಕ್ಷೆ ಮಾಡಿಸಿದರು. ಯೂರಿಕ್ ಆಮ್ಲ ಸರಿಯಾದ ಅಳತೆಯಲ್ಲೇ ಬಂತು. ಗೌಟ್ ಅಲ್ಲ, ಕೀಲು ಸವೆದಿದೆ ಎಂದು ಬಾಕಿನ ಮೇಲೆ ಕೂರಿಸಿ ಚುಚ್ಚಿದರು.

ಇದಕ್ಕೇ ನನ್ನ ತಲೆ ಕೆಡುವುದು. ನೋವು ಉಕ್ಕಿರುವ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ಎಷ್ಟೋ ಸಲ ಇಳಿದಿರುತ್ತದೆ. ಆಗ ಅಳೆದು, ಇಲ್ಲ ಎಂದು ಷರಾ ಹಾಕುವಂತಿಲ್ಲ. ನೋವು ಪೂರ್ತಿ ಅಡಗಿ ಎರಡು ವಾರ ಕಳೆದ ಮೇಲೆ ಮತ್ತೊಮ್ಮೆ ಅಳೆಯಬೇಕು. ಈಗಲೇ ಗೊತ್ತಾಗಬೇಕೆಂದರೆ ಕೀಲಿನ ನೀರು ತೆಗೆದು ಹರಳು ಹುಡುಕಬೇಕು. ಅವನ ಕೀಲಿನಿಂದ ಯಾರೂ ಒಂದು ಹನಿಯನ್ನೂ ತೆಗೆದಿರಲಿಲ್ಲ, ಒಳಗೆ ಮಾತ್ರ ಹಾಕಿದ್ದರು. ಮೊದಲ ಕೆಲವು ದಿನ ಹಾಯೆನಿಸಿ ಅವನು ಗಾಡಿ ಹತ್ತಿದ. ಆಮೇಲೆ ಮೊಣಕಾಲು ಮತ್ತೆ ಊದಿತು, ಚಳಿ ಬಂತು, ಜ್ವರ ಏರಿತು. ಊರಿನ ಒಬ್ಬ ಹಿರಿಯಳ ಮಾತು ಕೇಳಿ ಹೆಂಡತಿ ಸೊಪ್ಪು ಅರೆದು ಹಚ್ಚಿದ್ದು ಆಗ. ಅಂದರೆ ಲೇಪ ಬರುವ ಮೊದಲೇ ಜ್ವರ ಬಂದಿತ್ತು. ನಾನು ಅವಳನ್ನು ಕೂರಿಸಿಕೊಂಡು ಇದನ್ನೇ ತಿರುಗಿಸಿ ಮುರುಗಿಸಿ ಕೇಳಿದೆ, ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಳು. ಎಲುಬಿನ ಡಾಕ್ಟರು ಅದನ್ನು ಕೇಳಿಯೇ ಇರಲಿಲ್ಲ. ಹಸಿರು ಕಂಡಿತು, ಅಪರಾಧಿ ಸಿಕ್ಕಳು.

ಲೇಪ ತೊಳೆಸಿ, ಅಯೋಡಿನ್ ಹಚ್ಚಿ ಒಣಗಲು ಬಿಟ್ಟು, ಮೊಣಚಿಪ್ಪಿನ ಪಕ್ಕದಿಂದ ದಪ್ಪ ಸೂಜಿ ಹಾಕಿ ಎಳೆದೆ. ಹಳದಿ ಬಣ್ಣದ, ಮಜ್ಜಿಗೆಗಿಂತ ಗಟ್ಟಿಯಾದ ದ್ರವ ಬಂತು. ಅದನ್ನು ಮೂರು ಪಾಲು ಮಾಡಿದೆ. ಒಂದು ಸೋಂಕಿದ್ದರೆ ಏರುವ ಬಿಳಿ ರಕ್ತಕಣಗಳನ್ನು ಎಣಿಸಲು, ಒಂದು ಹರಳು ನೋಡಲು, ಇನ್ನೊಂದು ಕಲ್ಚರ್‌ಗೆ, ಅಂದರೆ ಕ್ರಿಮಿಯನ್ನು ಬೆಳೆಸಿ ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುವ ಪರೀಕ್ಷೆಗೆ. ಕಲ್ಚರ್ ನಮ್ಮಲ್ಲಿ ಆಗುವುದಿಲ್ಲ. ಬಾಟಲಿಯನ್ನು ಡಬ್ಬಿಯಲ್ಲಿಟ್ಟು ಧಾರವಾಡದ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತೇವೆ, ಅಲ್ಲಿ ಲ್ಯಾಬಿನವರು ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾರೆ. ಆ ಕಂಡಕ್ಟರನಿಗೆ ನಮ್ಮ ಡಬ್ಬಿ ಎಂದರೆ ಅಸಹ್ಯ, ಆದರೂ ಯಾವತ್ತೂ ಇಲ್ಲ ಎಂದವನಲ್ಲ.

ಹರಳು ನೋಡಲು ಬೇಕಾದ ವಿಶೇಷ ಸೂಕ್ಷ್ಮದರ್ಶಕವೂ ನಮ್ಮಲ್ಲಿಲ್ಲ. ಕೆಟ್ಟುಹೋದ ಕ್ಯಾಲ್ಕುಲೇಟರಿನ ಅಂಕಿ ಕಾಣುವ ಗಾಜಿನ ಮೇಲೆ ಒಂದು ತೆಳುವಾದ ಕಪ್ಪು ಹಾಳೆ ಇರುತ್ತದೆ. ಅದನ್ನು ಸುಲಿದು ಎರಡು ತುಂಡು ಮಾಡಿ ಇಟ್ಟುಕೊಂಡಿದ್ದೆ. ಒಂದನ್ನು ದೀಪದ ಮೇಲಿಟ್ಟು, ಇನ್ನೊಂದನ್ನು ಕಣ್ಣಿಡುವ ಕಡೆ ಹಿಡಿದು ನಿಧಾನ ತಿರುಗಿಸಿದರೆ ಒಂದು ಹಂತದಲ್ಲಿ ನೋಟವೆಲ್ಲ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಯೂರಿಕ್ ಆಮ್ಲದ ಹರಳುಗಳು ಮಾತ್ರ ಹೊಳೆಯುತ್ತವೆ. ಹೊಳೆದವು. ಮೊನಚು ಸೂಜಿಗಳ ರಾಶಿಯೇ ಅಲ್ಲಿತ್ತು. ಅವನಿಗೆ ಗೌಟ್ ಇದ್ದದ್ದು ನಿಜ.

ಎಲುಬಿನ ಡಾಕ್ಟರನ್ನು ಕರೆದು ತೋರಿಸಿದೆ. ನೋಡಿ ಅವರ ಮುಖ ಅರಳಿತು. ಹಾಗಾದರೆ ಇದು ಬರೀ ಗೌಟ್, ಸೋಂಕು ಗೀಂಕು ಏನಿಲ್ಲ, ಇನ್ನೊಂದು ಸ್ಟೆರಾಯ್ಡ್ ಕೊಟ್ಟರೆ ಇಳಿಯುತ್ತದೆ ಎಂದರು. ಒಂದು ತಾಸಿನ ಹಿಂದೆ ಸೊಪ್ಪಿನಿಂದ ಕೊಳೆತಿದ್ದ ಕಾಲು ಈಗ ಕೊಳೆತೇ ಇರಲಿಲ್ಲ. ತಮ್ಮ ಸೂಜಿ ಬಚಾವಾಗುವುದಾದರೆ ಅವರು ಯಾವ ರೋಗವನ್ನಾದರೂ ಒಪ್ಪಲು ತಯಾರಿದ್ದರು. ಹರಳು ಇದ್ದಲ್ಲಿ ಕ್ರಿಮಿ ಇರಬಾರದು ಎಂದು ಯಾವ ಪುಸ್ತಕದಲ್ಲಿ ಓದಿದ್ದೀರಿ ಎಂದು ಕೇಳಿದೆ. ಎರಡೂ ಒಂದೇ ಕೀಲಿನಲ್ಲಿ ಕೂಡಿ ಇರುತ್ತವೆ, ಬಿಳಿ ಕಣಗಳು ಇಷ್ಟು ಏರಿರುವಾಗ ಕ್ರಿಮಿ ಇದ್ದೇ ಇದೆ, ಈಗ ಸ್ಟೆರಾಯ್ಡ್ ಕೊಟ್ಟರೆ ಕ್ರಿಮಿಗೆ ಊಟ ಬಡಿಸಿದಂತೆ ಎಂದೆ. ಕಲ್ಚರ್ ಬರುವವರೆಗೆ ಅವನಿಗೆ ಯಾರೂ ಸ್ಟೆರಾಯ್ಡ್ ಮುಟ್ಟಿಸಕೂಡದು ಎಂದು ವಾರ್ಡಿನಲ್ಲಿ ಗಟ್ಟಿಯಾಗಿ ಹೇಳಿ, ನಮ್ಮಲ್ಲಿದ್ದ ಅತಿ ಬಲವಾದ ಆ್ಯಂಟಿಬಯೋಟಿಕ್ ಶುರು ಮಾಡಿದೆ. ಎಲುಬಿನ ಡಾಕ್ಟರು ಗೊಣಗುತ್ತಲೇ ಅವನನ್ನು ಥಿಯೇಟರಿಗೆ ಒಯ್ದು ಕೀಲನ್ನು ಬಿಚ್ಚಿ ತೊಳೆದರು.

ಧಾರವಾಡದಿಂದ ಫೋನು ಬಂದಾಗ ನಾನು ಹೊರರೋಗಿಗಳನ್ನು ನೋಡುತ್ತಿದ್ದೆ. ಕ್ರಿಮಿ ಸೂಡೋಮೊನಾಸ್. ನೀರು, ತೇವ, ಸಿಂಕು, ಬಕೆಟ್ಟು, ಎಲ್ಲಿ ಸ್ವಲ್ಪ ಪಸೆ ಇದ್ದರೂ ಬದುಕುವ ಜಾತಿ. ಆ್ಯಂಟಿಬಯೋಟಿಕ್‌ಗಳ ಹೆಸರನ್ನು ಆ ಕಡೆಯಿಂದ ಒಂದೊಂದಾಗಿ ಓದಿದರು, ಪ್ರತಿಯೊಂದಕ್ಕೂ ನಿರೋಧಕ ಎಂದರು. ನಾನು ಕೊಡುತ್ತಿದ್ದದ್ದೂ ಅದರಲ್ಲಿತ್ತು. ಕೊನೆಗೆ ಉಳಿದದ್ದು ಕೊಲಿಸ್ಟಿನ್ ಒಂದೇ. ಅದು ಮೂತ್ರಪಿಂಡವನ್ನು ಹಿಂಡುವ ಔಷಧ. ಅವನ ಮೂತ್ರಪಿಂಡಗಳು ನೋವಿನ ಗುಳಿಗೆ ತಿಂದು ತಿಂದು ಮೊದಲೇ ಸೋತಿದ್ದವು. ಇಂಥ ಕ್ರಿಮಿ ಹೊಲದಲ್ಲೂ ಸಿಗುವುದಿಲ್ಲ, ಸೊಪ್ಪಿನಲ್ಲೂ ಸಿಗುವುದಿಲ್ಲ. ಬಗೆಬಗೆಯ ಔಷಧಗಳ ನಡುವೆ ಪಳಗಿದ ಈ ಜಾತಿ ಆಸ್ಪತ್ರೆಯಲ್ಲೇ ಹುಟ್ಟಿ ಬೆಳೆಯಬೇಕು.

ಬೇರೆ ದಾರಿಯಿಲ್ಲದೆ ಕೊಲಿಸ್ಟಿನ್ ಡ್ರಿಪ್ ಹಚ್ಚಿದೆ. ಅವನ ಮಂಚವನ್ನು ಮೂಲೆಯ ಕೋಣೆಗೆ ಸಾಗಿಸಿ, ಬಾಗಿಲಲ್ಲಿ ಕೈ ಒರೆಸುವ ಸ್ಪಿರಿಟ್ ಇಡಿಸಿ, ಅವನಿಗೇ ಬೇರೆ ಬಿಪಿ ಪಟ್ಟಿ, ಬೇರೆ ಥರ್ಮಾಮೀಟರ್ ಮಾಡಿಸಿದೆ. ಅದರ ಮರುದಿನವೇ ಇನ್ನೊಂದು ಮೊಣಕಾಲು ಬಂತು.

ಅವಳು ಹಳಿಯಾಳದ ಪಕ್ಕದ ಹಾಡಿಯ ಸಿದ್ದಿ ಹೆಂಗಸು, ಕಬ್ಬು ಕಡಿಯುವ ಗುಂಪಿನವಳು. ಮೊಣಕಾಲಲ್ಲಿ ಕೀವು ತುಂಬಿ ನರಳುತ್ತಿದ್ದಳು. ನೋವಿನ ಇಂಜೆಕ್ಷನ್ ಯಾಕೆ ಇನ್ನೂ ಕೊಟ್ಟಿಲ್ಲ ಎಂದು ಕೇಳಿದರೆ, ಈ ಸಿದ್ದಿಗಳದು ಗಟ್ಟಿ ಮೈ, ತಡೀತಾರೆ ಎಂದು ನರ್ಸಮ್ಮ ತಣ್ಣಗೆ ಅಂದಳು. ಅವತ್ತು ನಾನು ಆ ನರ್ಸಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ, ಬರೆದರೆ ನನ್ನ ಮರ್ಯಾದೆಯೇ ಹೋಗುತ್ತದೆ. ಇಂಜೆಕ್ಷನ್ ನಾನೇ ಕೊಟ್ಟೆ. ಏನಾದರೂ ಲೇಪ ಹಚ್ಚಿದ್ದಳಾ ಎಂದು ಕೇಳಿದೆ. ಹಚ್ಚಿಕೊಂಡು ಕೂಡಲಿಕ್ಕೆ ಹೊತ್ತೆಲ್ಲಿತ್ತು, ಸಂತೆಯಲ್ಲಿ ಸೂಜಿ ಹಾಕಿಸಿಕೊಂಡು ಮರುದಿನವೇ ಕಬ್ಬಿಗೆ ಹೋದೆ ಎಂದಳು. ಯಾವ ಸಂತೆ ಎಂದೆ. ಚಾಲಕ ಬಂದ ಸಂತೆಯೇ. ಅದೇ ಬಾಕು. ಅವಳ ಕೀವನ್ನೂ ಬಸ್ಸಿಗೆ ಹಾಕಿದೆ.

ಆಮೇಲೆ ನೇರ ಎಲುಬಿನ ಡಾಕ್ಟರ ಕೋಣೆಗೆ ಹೋದೆ. ಇಂಜೆಕ್ಷನ್ ಕೋಣೆಗೆ ಬೀಗ ಹಾಕಿಸಿ, ನಲ್ಲಿ, ಟ್ರಾಲಿ, ಸ್ಪಿರಿಟ್ ಹತ್ತಿಯ ಡಬ್ಬಿ, ಫ್ರಿಜ್ಜು, ತೆರೆದ ಬಾಟಲಿ ಎಲ್ಲದರಿಂದಲೂ ನಾನು ಮಾದರಿ ತೆಗೆಯಬೇಕು, ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟಬಾರದು ಎಂದೆ. ಆಗಲಿ ಎಂದು ಬಹಳ ಮೆತ್ತಗೆ ಹೇಳಿದರು. ಆ ಮೆತ್ತನೆಯ ದನಿಗೇ ನಾನು ಎಚ್ಚರವಾಗಬೇಕಿತ್ತು. ಮಾದರಿ ಕಡ್ಡಿಗಳನ್ನು ಲ್ಯಾಬಿನಿಂದ ತರುವಷ್ಟರಲ್ಲಿ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಇಬ್ಬರು ಆಯಾಗಳು ನೆಲಕ್ಕೆ, ಗೋಡೆಗೆ ಫಿನೈಲ್ ಸುರಿದು ತಿಕ್ಕುತ್ತಿದ್ದರು. ಫ್ರಿಜ್ಜು ಖಾಲಿ, ಟ್ರಾಲಿ ಖಾಲಿ, ಬಾಟಲಿಗಳೆಲ್ಲ ಕಸದ ಬುಟ್ಟಿ ಸೇರಿ ಹೊರಟುಹೋಗಿದ್ದವು. ಸಾಹೇಬರು ಹೇಳಿದರು ಎಂದರು. ಇಷ್ಟು ವರ್ಷ ಆ ಕೋಣೆಯ ಮೂಲೆಯ ಜೇಡ ತೆಗೆಸಲು ನಾನು ಬಡಕೊಂಡರೂ ಆಗಿರಲಿಲ್ಲ, ಈಗ ಊಟ ಮಾಡಬಹುದಾದಷ್ಟು ಚೊಕ್ಕ. ತಿಪ್ಪೆ ಸಾರಿಸುವುದು ಎಂದರೆ ಇದೇ.

ಸಿಟ್ಟು ನೆತ್ತಿಗೇರಿ ಅಲ್ಲೇ ಒಂದು ಸ್ಟೂಲ್ ಮೇಲೆ ಕೂತೆ. ಕೂತು ಆ ಕೋಣೆಯ ಕೆಲಸವನ್ನು ಮೊದಲಿಂದ ನೆನಪಿಗೆ ತಂದುಕೊಂಡೆ. ಸಂತೆ ದಿನ ಬಾಕು ತುಂಬಿದಾಗ ಮರಗಟ್ಟಿಸುವ ಔಷಧದ ದೊಡ್ಡ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿ ಹಾಗೇ ನೆಟ್ಟಿಡುತ್ತಾರೆ. ಸಿರಿಂಜು ಬದಲಾಗುತ್ತದೆ, ಆ ನೆಟ್ಟ ಸೂಜಿ ಬದಲಾಗುವುದಿಲ್ಲ. ಪ್ರತಿ ಸಲ ಹೊಸದಾಗಿ ಚುಚ್ಚುವ ಹೊತ್ತು ಉಳಿಯುತ್ತದಲ್ಲ, ಅದಕ್ಕೆ. ನಾನು ಕಂಡಾಗಲೆಲ್ಲ ಕಿತ್ತೆಸೆದಿದ್ದೇನೆ, ನಾನು ಬೆನ್ನು ತಿರುಗಿಸಿದ ಮೇಲೆ ಮತ್ತೆ ನೆಟ್ಟಿದ್ದಾರೆ. ಸಾಯಂಕಾಲ ಬಾಟಲಿಯಲ್ಲಿ ಔಷಧ ಉಳಿದರೆ ಚೆಲ್ಲುವುದಿಲ್ಲ. ಗಾಯಕ್ಕೆ ಹೊಲಿಗೆ ಹಾಕುವಾಗ ಬೇಕಾಗುತ್ತದೆ ಎಂದು ತುರ್ತು ವಿಭಾಗಕ್ಕೆ ದಾಟಿಸುತ್ತಾರೆ.

ತುರ್ತು ವಿಭಾಗಕ್ಕೆ ಯಾರೂ ಫಿನೈಲ್ ಹಾಕಿರಲಿಲ್ಲ. ಹೊಲಿಗೆ ಸಾಮಾನಿನ ಕಪಾಟಿನಲ್ಲಿ, ಹತ್ತಿ ಉಂಡೆಗಳ ಹಿಂದೆ, ಕಾಲು ಭಾಗ ಔಷಧವಿದ್ದ ಬಾಟಲಿ ಸಿಕ್ಕಿತು. ಸೂಜಿ ಇನ್ನೂ ಮುಚ್ಚಳದಲ್ಲಿ ನೆಟ್ಟಿತ್ತು. ಅದರ ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಹಾಗೇ ಚೀಲಕ್ಕೆ ಹಾಕಿ, ಬೇರೆ ಯಾರ ಕೈಗೂ ಕೊಡದೆ, ನಾನೇ ಬಸ್ ಸ್ಟ್ಯಾಂಡಿಗೆ ನಡೆದು ಕಂಡಕ್ಟರನ ಕೈಗಿಟ್ಟೆ.

ಉತ್ತರ ಬರುವಷ್ಟರಲ್ಲಿ ಚಾಲಕ ಕುಸಿಯತೊಡಗಿದ್ದ. ಕೊಲಿಸ್ಟಿನ್ ಹಚ್ಚಿದ ಮೇಲೆ ಜ್ವರ ಒಂದಿಷ್ಟು ಇಳಿದು ಆಸೆ ಹುಟ್ಟಿಸಿತ್ತು. ಆಮೇಲೆ ಮೂತ್ರದ ಚೀಲ ತುಂಬುವುದು ನಿಂತಿತು. ಮೂತ್ರಪಿಂಡ ಸೋತರೆ ರಕ್ತದಲ್ಲಿ ಕೂಡಿಕೊಳ್ಳುವ ಕ್ರಿಯಾಟಿನಿನ್ ಪ್ರತಿ ಪರೀಕ್ಷೆಗೂ ಏರುತ್ತ ಹೋಯಿತು, ಮುಖ ಬಾತುಕೊಂಡಿತು. ಔಷಧದ ಪ್ರಮಾಣ ಇಳಿಸಿದರೆ ಮೊಣಕಾಲು ಮತ್ತೆ ಕೀವು ಸುರಿಸುತ್ತಿತ್ತು. ಕೀವು ತೊಡೆಯ ಕಡೆಗೆ ಏರತೊಡಗಿತು. ಹುಬ್ಬಳ್ಳಿಗೆ ಫೋನು ಮಾಡಿದೆ. ಕಳಿಸಿ ಎಂದರು, ಆದರೆ ಅವನಿಗೆ ಆ ದಾರಿ ತಾಳುವಷ್ಟು ರಕ್ತದೊತ್ತಡ ಉಳಿದಿರಲಿಲ್ಲ. ಔಷಧ ಮುಂದುವರಿಸಿದರೆ ಮೂತ್ರಪಿಂಡ ಹೋಗುತ್ತದೆ, ನಿಲ್ಲಿಸಿದರೆ ಕೀವು ರಕ್ತ ಸೇರುತ್ತದೆ, ಎರಡರ ಕೊನೆಗೂ ಸಾವೇ ಇತ್ತು. ಕೀವಿನ ಗೂಡನ್ನೇ ತೆಗೆದರೆ ಮಾತ್ರ ಅವನು ಬದುಕುತ್ತಿದ್ದ. ಕೊಲಿಸ್ಟಿನ್ ನಿಲ್ಲಿಸಿ ಕಾಲು ತೆಗೆಯಬೇಕು ಎಂದು ತೀರ್ಮಾನ ಮಾಡಿದವಳು ನಾನು. ಎಲುಬಿನ ಡಾಕ್ಟರು ಮೊದಲ ಸಲ ಎದುರಾಡಲಿಲ್ಲ.

ಕಾಲ್ ಉಳಸ್ರಿ ಎಂದವನಿಗೆ ಹೇಳಲು ಹೋದರೆ ಅವನು ಬಡಬಡಿಸುತ್ತಿದ್ದ, ಯಾರಿಗೋ ಗಾಡಿ ಹಿಂದೆ ತಗೋ ಎಂದು ಕೂಗುತ್ತಿದ್ದ. ಹಾಗಾಗಿ ಸಹಿ ಹಾಕಬೇಕಾದವಳು ಹೆಂಡತಿ. ಅಷ್ಟು ಹೊತ್ತಿಗೆ ಅವಳಿಗೆ ತಪ್ಪು ಅವಳದೇ ಎಂದು ಎಲ್ಲ ದಿಕ್ಕಿನಿಂದಲೂ ಹೇಳಿಯಾಗಿತ್ತು. ವಾರ್ಡಿನ ಆಯಾಗಳು ಹೇಳಿದ್ದರು, ನೋಡಲು ಬಂದ ಊರವರು ಹೇಳಿದ್ದರು. ಗಂಡನ ಅಣ್ಣನಂತೂ ನಿನ್ನ ಕೈಯಾರ ನನ್ನ ತಮ್ಮನ ಕಾಲು ತಿಂದಿ ಎಂದು ಬಾಗಿಲಲ್ಲೇ ಕೂಗಾಡಿ ಹೋಗಿದ್ದ. ನಾನು ಬಂದದ್ದನ್ನು ನೋಡಿ ಎದ್ದು ನಿಂತಳು.

“ಸೊಪ್ಪು ಹಚ್ಚಿದಾಕಿನೂ ನಾನ, ಕಾಲ್ ಕಡೀರಿ ಅನ್ನಾಕಿನೂ ನಾನ ಏನ್ರೀ ಬಾಯಾರ?” ಎಂದಳು.

ಸೊಪ್ಪಿನಿಂದ ಏನೂ ಆಗಿಲ್ಲ ಎಂದು ಅಲ್ಲೇ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಮಾತು ಎಂದುಕೊಂಡಳೇನೋ. ಹೆಬ್ಬೆಟ್ಟಿನ ಮಸಿಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಗೋಡೆ ಹಿಡಿದು ನಿಂತಳು.

ಎಲುಬಿನ ಡಾಕ್ಟರೇ ತೊಡೆಯ ನಡುಮಟ್ಟದಲ್ಲಿ ಕಾಲು ತೆಗೆದರು. ಅವರ ಕೈ ಒಳ್ಳೆಯದು, ನನಗೆ ಇನ್ನಷ್ಟು ಸಿಟ್ಟು ಬರುವುದು ಅದಕ್ಕೇ. ರಕ್ತನಾಳಗಳನ್ನು ಕಟ್ಟಿದ ರೀತಿ, ಎಲುಬಿನ ತುದಿಗೆ ಸ್ನಾಯುವನ್ನು ಹೊದಿಸಿದ ರೀತಿ, ಒಂದು ಹನಿ ರಕ್ತವನ್ನೂ ಅವರು ದಂಡ ಮಾಡಲಿಲ್ಲ. ಇಷ್ಟು ಜೋಪಾನದಲ್ಲಿ ಒಂದು ಪಾಲನ್ನು ಆ ಬಾಟಲಿಯ ಮೇಲೆ ಇಟ್ಟಿದ್ದರೆ ಇವತ್ತು ಈ ಕೆಲಸವೇ ಇರುತ್ತಿರಲಿಲ್ಲ. ತೆಗೆದ ಕಾಲನ್ನು ಹಳದಿ ಚೀಲದಲ್ಲಿ ಕಟ್ಟಿ ಒಯ್ದರು. ಹೊರಗೆ ನಿಂತಿದ್ದ ಹೆಂಡತಿ ಆ ಚೀಲವನ್ನು ನೋಡಿದಳು. ನೋಡಬಾರದು ಎಂದು ಅವಳನ್ನು ಅತ್ತ ಸರಿಸುವಷ್ಟೂ ಬುದ್ಧಿ ಯಾರಿಗೂ ಇರಲಿಲ್ಲ.

ಕ್ರಿಮಿ ಇನ್ನೊಬ್ಬರಿಗೆ ಹರಡದಂತೆ ತೊಳೆಸಲು ಥಿಯೇಟರನ್ನು ಮುಚ್ಚಿಸಿದೆ. ಆಮೇಲೆ ಧಾರವಾಡದ ಫೋನು ಬಂತು. ಬಾಟಲಿಯಲ್ಲಿ ಸೂಡೋಮೊನಾಸ್ ಬೆಳೆದಿತ್ತು, ಸಿದ್ದಿ ಹೆಂಗಸಿನ ಕೀವಿನಲ್ಲೂ ಬೆಳೆದಿತ್ತು. ಚಾಲಕನದೂ ಸೇರಿ ಮೂರರಲ್ಲೂ ಯಾವುದಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂಬುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳ ಕೀಲನ್ನು ಬೇಗ ತೊಳೆದಿದ್ದರಿಂದ, ಮೂತ್ರಪಿಂಡಗಳು ಗಟ್ಟಿ ಇದ್ದುದರಿಂದ ಕೊಲಿಸ್ಟಿನ್ ತಾಳಿಕೊಂಡಳು. ಕಾಲು ಉಳಿಯಿತು, ಮಡಚುವುದು ಮಾತ್ರ ಉಳಿಯಲಿಲ್ಲ.

ಎಲುಬಿನ ಡಾಕ್ಟರಿಗೆ ಹೇಳಿದೆ. ಬೆವರಬಹುದು, ಕೂಗಾಡಬಹುದು ಎಂದುಕೊಂಡಿದ್ದೆ. ಅವರು ಚಹಾ ತರಿಸಿದರು. ಇದನ್ನು ಊರೆಲ್ಲ ಸಾರಿದರೆ ಯಾರಿಗೆ ಲಾಭ ಎಂದು ನಿಧಾನವಾಗಿ ಕೇಳಿದರು.

“ಈ ಬಾಗಲಾ ಮುಚ್ಚಿದ್ರ ಜೋಯಿಡಾ ಕಡಿಂದ ಹೆರಿಗಿಗೆ ಬರೂ ಹೆಣ್ಮಕ್ಕಳು ಎಲ್ಲಿ ಹೋಗ್ಬೇಕ್ರೀ ಮೇಡಂ?” ಎಂದರು. “ನೀವ ಹೇಳ್ರಿ.”

ಹೆರಿಗೆಗೂ ನೆಟ್ಟ ಸೂಜಿಗೂ ಏನು ಸಂಬಂಧ ಎಂದು ಕೇಳಿದೆ. ಸಂತೆ ದಿನದ ಬಾಕು ನಾಳೆಯಿಂದ ಇರಕೂಡದು, ಒಬ್ಬರಿಗೆ ಒಡೆದ ಔಷಧ ಇನ್ನೊಬ್ಬರಿಗೆ ಹೋಗಕೂಡದು, ಇಲ್ಲದಿದ್ದರೆ ನಾನೇ ಬಾಕಿನ ಪಕ್ಕ ನಿಂತು ಬಂದವರಿಗೆಲ್ಲ ಈ ಕಥೆ ಹೇಳುತ್ತೇನೆ ಎಂದೆ. ಒಪ್ಪಿದರು. ಬಾಕು ಈಗ ಚಹಾದವನ ಅಂಗಡಿ ಮುಂದಿದೆ. ಮೇಲೆ ಯಾರಿಗೆ ತಿಳಿಸಬೇಕೋ ಅವರಿಗೂ ತಿಳಿಸಿದ್ದೇನೆ, ಅಲ್ಲಿಂದ ಇನ್ನೂ ಏನೂ ಬಂದಿಲ್ಲ. ನಾನು ಇನ್ನೂ ಅದೇ ಆಸ್ಪತ್ರೆಯಲ್ಲಿದ್ದೇನೆ. ಬಿಟ್ಟು ಹೋದ ಮರುದಿನವೇ ಬಾಟಲಿಗೆ ಮತ್ತೆ ಸೂಜಿ ನೆಡುತ್ತಾರೆ.

ಚಾಲಕ ಬದುಕಿದ. ಮೂತ್ರ ಮೆಲ್ಲಗೆ ಮರಳಿತು, ಜ್ವರ ಬಿಟ್ಟಿತು, ಊಟ ರುಚಿಸತೊಡಗಿತು. ನೋವು ಅಡಗಿ ಎರಡು ವಾರ ಕಳೆಯುವುದನ್ನು ಕಾದು ಯೂರಿಕ್ ಆಮ್ಲವನ್ನು ಮತ್ತೆ ಅಳೆಯಿಸಿದೆ. ಮಿತಿ ದಾಟಿ ಎಷ್ಟೋ ಮೇಲಿತ್ತು. ಮೊದಲ ಸಲವೇ ಕಾಯ್ದು ಅಳೆಯಬೇಕಿದ್ದ ಅಂಕಿ, ಕಾಲು ಹೋದ ಮೇಲೆ ಬಂತು. ಕಡಿಮೆ ಪ್ರಮಾಣದಿಂದ ಶುರು ಮಾಡಿ ಅದನ್ನು ಇಳಿಸುವ ಗುಳಿಗೆ ಕೊಡಬೇಕು, ಇಲ್ಲದಿದ್ದರೆ ಉಳಿದ ಕಾಲಿಗೂ ಬರುತ್ತದೆ. ಗುಳಿಗೆ ಹಿಡಿದುಕೊಂಡು ಅವನ ಹತ್ತಿರ ಹೋದೆ.

ಹೆಂಡತಿ ಗಂಜಿಯ ತಟ್ಟೆ ಹಿಡಿದು ನಿಂತಿದ್ದಳು. ಪ್ರಜ್ಞೆ ಬಂದಾಗಿನಿಂದ ಅವನು ಅವಳ ಕೈಯಿಂದ ನೀರನ್ನೂ ಮುಟ್ಟಿರಲಿಲ್ಲ. ಅವಳು ಇಟ್ಟುಹೋದದ್ದನ್ನು ಪಕ್ಕದ ಮಂಚದವರು ಎತ್ತಿ ಕೊಟ್ಟರೆ ಉಣ್ಣುತ್ತಿದ್ದ. ಅವಳು ಹತ್ತಿರ ಬಂದರೆ ಬೈಗುಳ, ದೂರ ನಿಂತರೂ ಬೈಗುಳ. ಇವತ್ತು ಇದನ್ನು ಮುಗಿಸಿಯೇ ಬಿಡುತ್ತೇನೆ ಎಂದು ಸ್ಟೂಲ್ ಎಳೆದು ಕೂತೆ. ಬಾಟಲಿಯ ವಿಷಯ, ಧಾರವಾಡದಿಂದ ಬಂದ ಉತ್ತರ, ಸಿದ್ದಿ ಹೆಂಗಸಿನ ಮೊಣಕಾಲು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಗೂ ಕೇಳಲಿ ಎಂದು ಗಟ್ಟಿಯಾಗೇ ಹೇಳಿದೆ.

“ನಿನ್ನ ಹೇಂತಿ ಸೊಪ್ಪಿನಿಂದ ಏನೂ ಆಗಿಲ್ಲಪಾ,” ಎಂದೆ. “ನಂಜ ಆಗಿದ್ದು ನಮ್ಮ ಸೂಜಿಯಿಂದ.”

ಅವನು ಸೂರು ನೋಡುತ್ತ ಮಲಗಿದ್ದ. ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

“ಗೊತ್ತೈತ್ರೀ ಬಾಯಾರ,” ಎಂದ. “ಸೂಜಿ ಬಾಟ್ಲ್ಯಾಗ ನೆಟ್ಟಿತ್ತು. ಬಾಕಿನ ಮ್ಯಾಲ ಕುಂತು ನಾನ ನೋಡೇನಿ. ನನ್ನ ಮುಂದಿನಾಕಿಗೂ ಅದ, ನನಗೂ ಅದ.”

ಗೊತ್ತಿದ್ದೂ ಇಷ್ಟು ದಿನ ಅವಳನ್ನು ಯಾಕೆ ಬೈದೆ ಎಂದು ಕೇಳಿದೆ.

ಅವನು ದನಿ ತಗ್ಗಿಸಲಿಲ್ಲ. “ಡಾಕ್ಟರನ್ನ ಬೈದ್ರ ನಾಳಿ ನನ್ನ ಪಟ್ಟಿ ಯಾರ್ ಬಿಚ್ಚತಾರ್ರೀ? ಆಕಿ ಎಲ್ಲಿ ಹೋಗತಾಳ?”

ಹೆಂಡತಿಗೆ ಕೇಳಿಸಿತು. ಗಂಜಿಯ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೇಲೆ ಒಂದು ತಾಟು ಮುಚ್ಚಿದಳು. ಅಷ್ಟರಲ್ಲಿ ಎಲುಬಿನ ಡಾಕ್ಟರು ಪಟ್ಟಿ ಬದಲಿಸಲು ನರ್ಸಿನ ಜೊತೆ ಒಳಗೆ ಬಂದರು. ಚಾಲಕ ಮಲಗಿದಲ್ಲಿಂದಲೇ ಎರಡೂ ಕೈ ಜೋಡಿಸಿ ನಮಸ್ಕಾರ್ರೀ ಸಾಹೇಬ್ರ ಎಂದ. ಅವಳು ಯಾರೂ ಹೇಳುವ ಮೊದಲೇ ಹೋಗಿ, ಮೋಟು ತೊಡೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ಹಿಡಿದಳು. ಪಟ್ಟಿ ಬಿಚ್ಚಿದರು, ಗಾಯ ಒಣಗಿತ್ತು. ಡಾಕ್ಟರಿಗೆ ಖುಷಿಯಾಯಿತು.

“ಮನಿಗೆ ಹೋದ ಮ್ಯಾಲೆ ಇದಕ್ಕೂ ಸೊಪ್ಪು ಗಿಪ್ಪು ಹಚ್ಚಿ ಗಿಚ್ಚೀಯವಾ ಮತ್ತ,” ಎಂದರು ಅವಳಿಗೆ.

ಅವಳು ನನ್ನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ.

“ಇಲ್ರೀ ಸಾಹೇಬ್ರ,” ಎಂದಳು. “ತಪ್ಪಾತ್ರಿ.”